‘ಅದು ಪಾಯಿಂಟ್ ಅಲ್ಲ ಮಗಾ, ಗುಂಟೆ’: ಎಐ ಕಾಲದಲ್ಲಿ ಮಕ್ಳು ಏನ್ ಓದ್ಬೇಕು?

ರಿಸಲ್ಟ್ ಬಂದ ತಿಂಗಳಲ್ವಾ, ಪತ್ರಗಳು ರಾಶಿ ಬಿದ್ದಿವೆ. ಹಿಂದೆಲ್ಲ "ಸೈನ್ಸಾ ಕಾಮರ್ಸಾ" ಅಂತ ಕೇಳ್ತಿದ್ದವ್ರು ಈಗ "ಎಐ ಬಂದ್ರೂ ಉಳಿಯೋ ಕೆಲ್ಸ ಯಾವ್ದು" ಅಂತ ಕೇಳ್ತಿದಾರೆ. ನಾಲ್ಕು ಪತ್ರ ಆರಿಸ್ಕೊಂಡಿದೀನಿ, ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಗಿದೆ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಗಣಿತ ಪಾಠ ಮಾಡ್ದೋಳು ನಾನು, ಬೆಲ್ ಹೊಡೆದ್ರೂ ನಿಲ್ಲಿಸೋ ಅಭ್ಯಾಸ ಇಲ್ಲ.

ಪ್ರಶ್ನೆ: ಮೇಡಂ ನಮಸ್ತೆ. ನನ್ ಮಗ ಈ ಸಲ ಎಸ್ಸೆಸ್ಸೆಲ್ಸಿಲಿ 625ಕ್ಕೆ 531 ತಗೊಂಡಿದಾನೆ. ನಮ್ದು ಊರಲ್ಲೇ ಹಾರ್ಡ್‌ವೇರ್ ಅಂಗಡಿ. ಅವ್ನ ಚಿಕ್ಕಪ್ಪ ಬೆಂಗ್ಳೂರಲ್ಲಿ ಸಾಫ್ಟ್‌ವೇರು, ಮೊದ್ಲೆಲ್ಲ ಸಿಎಸ್ ಮಾಡ್ಸಿ ಅಂತಿದ್ದವ್ರು ಈಗ "ಕೋಡಿಂಗ್ ಕಥೆ ಮುಗೀತು ಅತ್ತಿಗೆ, ಬೇರೆ ನೋಡಿ" ಅಂತಾರೆ. ನಮ್ಮನೆಯವ್ರಿಗೆ ಡಾಕ್ಟ್ರು ಮಾಡ್ಸೋ ಆಸೆ, ಮಂಗ್ಳೂರು ಕಡೆ ಹಾಸ್ಟೆಲ್ ಇರೋ ಒಂದು ಪಿಯು ಕಾಲೇಜು ವಿಚಾರಿಸಿದ್ರೆ ನೀಟ್ ಕೋಚಿಂಗ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ಅಂದ್ರು. ಮಗನ್ನ ಕೇಳಿದ್ರೆ "ಗೊತ್ತಿಲ್ಲ" ಅಂತಾನೆ ಅಷ್ಟೆ. ಹೋಮ್‌ವರ್ಕ್ ಪೂರ್ತಿ ಚಾಟ್‌ಜಿಪಿಟಿಲಿ ಮಾಡ್ತಾನೆ, ಬಿಟ್ರೆ ಅಂಗಡಿ ಹಿಂದೆ ಕೂತು ಹಳೇ ಮಿಕ್ಸಿ, ಫ್ಯಾನು ಬಿಚ್ತಾನೆ. ಎಐ ಬಂದ್ರೂ ಹೋಗದೇ ಇರೋ ಕೆಲ್ಸಗಳ್ದು ಒಂದ್ ಲಿಸ್ಟ್ ಕೊಡಿ ಮೇಡಂ, ಅದನ್ನೇ ಓದಿಸ್ತೀವಿ.
– ಒಬ್ಬ ತಾಯಿ, ತರೀಕೆರೆ

ಉತ್ತರ: ಲಿಸ್ಟ್ ಕೊಡಲ್ಲ ಕಣಮ್ಮ. ಕೊಟ್ಟವ್ರ ಕಥೆ ಏನಾಗಿದೆ ಅಂತ ಮೊದ್ಲು ಹೇಳ್ತೀನಿ ಕೇಳಿ. ಜೆಫ್ರಿ ಹಿಂಟನ್ ಅಂತ ಒಬ್ಬ ವಿಜ್ಞಾನಿ, ಇವತ್ತಿನ ಎಐಗೆ ಅಡಿಪಾಯ ಹಾಕಿದವ್ರಲ್ಲಿ ಒಬ್ರು, 2024ರಲ್ಲಿ ಫಿಸಿಕ್ಸ್ ನೊಬೆಲ್ ಕೂಡ ಬಂತು. ಅವ್ರು 2016ರಲ್ಲಿ ಒಂದು ಸಭೆಲಿ, ಇನ್ನು ರೇಡಿಯಾಲಜಿಸ್ಟ್‌ಗಳನ್ನ ತಯಾರು ಮಾಡೋದು ನಿಲ್ಲಿಸ್ಬಿಡಿ, ಐದು ವರ್ಷದಲ್ಲಿ ಸ್ಕ್ಯಾನು ಎಕ್ಸ್‌ರೇ ನೋಡೋದ್ರಲ್ಲಿ ಯಂತ್ರವೇ ಮುಂದೆ ಹೋಗುತ್ತೆ ಅಂದ್ಬಿಟ್ರು. ಐದಲ್ಲ, ಒಂಬತ್ತು ವರ್ಷದ ಮೇಲಾಯ್ತು. ನಮ್ಮ ದೇಶದಲ್ಲಿ ಎಂಬಿಬಿಎಸ್ ಆದ್ಮೇಲೆ ಬರೆಯೋ ನೀಟ್ ಪಿಜಿಲಿ ಮೇಲಿನ ರ್‍ಯಾಂಕ್ ಬಂದ ಹುಡುಗ್ರು ಈಗ್ಲೂ ಮುಗಿಬಿದ್ದು ತಗೊಳೋ ಸೀಟುಗಳಲ್ಲಿ ರೇಡಿಯಾಲಜಿ ಇದ್ದೇ ಇದೆ. ಯಂತ್ರನೂ ಬಂತು, ಕೆಲಸಾನೂ ಉಳೀತು. ಎಐ ಹುಟ್ಟಿಸಿದವ್ರ ಲೆಕ್ಕನೇ ಹಿಂಗೆ ಎಡವಿದ್ರೆ ನಿಮ್ ಮೈದುನ, ನಾನು, ವಾಟ್ಸಾಪ್ ಗ್ರೂಪು, ನಾವೆಲ್ಲ ಯಾವ ಲೆಕ್ಕ.

ಹಂಗಂತ ಏನೂ ಆಗಲ್ಲ, ಸುಮ್ನೆ ಹೆದ್ರುಸ್ತಾರೆ ಅಂತಾನೂ ನಾನು ಹೇಳಲ್ಲ. ನಮ್ ಮಾವ ತುಮಕೂರಲ್ಲಿ ಒಂದು ಪ್ರೆಸ್ಸಲ್ಲಿ ಕಂಪೋಸಿಟರ್ ಆಗಿದ್ರು, ಅಚ್ಚುಮೊಳೆ ಜೋಡ್ಸೋರು. ಕ ಅಕ್ಷರದ ಖಾನೆ ಎಲ್ಲಿದೆ, ಒತ್ತಕ್ಷರ ಎಲ್ಲಿದೆ ಅಂತ ಕಣ್ಮುಚ್ಚಿ ಕೈ ಹಾಕಿ ತೆಗೀತಿದ್ರು, ಕನ್ನಡಿಲಿ ಕಾಣೋ ಹಂಗೆ ತಿರುಗುಮುರುಗಾಗಿರೋ ಅಕ್ಷರನ ನಾವು ಪೇಪರ್ ಓದೋ ಹಂಗೆ ಓದ್ತಿದ್ರು. ಆಮೇಲೆ ಕಂಪ್ಯೂಟರಲ್ಲೇ ಅಕ್ಷರ ಜೋಡ್ಸೋ ಡಿಟಿಪಿ ಬಂತು. ಅವ್ರ ಜೊತೆ ಮೂರು ಜನ ಇದ್ರು. ಒಬ್ಬ ಡಿಟಿಪಿ ಕಲ್ತ, ಕಾಗುಣಿತ ಚೆನ್ನಾಗಿ ಬರ್ತಿತ್ತು, ಎಲ್ರ ಪ್ರೂಫ್ ಅವನ ಹತ್ರನೇ ಬರೋಕೆ ಶುರುವಾಯ್ತು, ಕೊನೆಗೆ ಸ್ವಂತ ಅಂಗಡಿ ಇಟ್ಟ. ಇನ್ನೊಬ್ಬ ಬೀಡಾ ಅಂಗಡಿ ಇಟ್ಟ. ಮೂರನೆಯವ್ರು ಮನೇಲಿ ಕೂತ್ರು, ಅವ್ರ ಹೆಂಡ್ತಿ ಹಪ್ಪಳ ಮಾಡಿ ಮನೆ ನಡೆಸಿದ್ರು. ಹೊಸದು ಬಂದಾಗ ಎಲ್ರಿಗೂ ಒಳ್ಳೇದಾಗುತ್ತೆ ಅಂತ ಭಾಷಣ ಮಾಡೋರನ್ನ ಕಂಡ್ರೆ ನನಗೆ ಆ ಹಪ್ಪಳದ ಡಬ್ಬ ನೆನಪಾಗುತ್ತೆ.

ಈಗ ನಿಮ್ ಮೈದುನ ಹೇಳಿದ ಮಾತಿಗೆ ಬರೋಣ. ಅವ್ರು ಹೇಳಿದ್ದು ಅರ್ಧ ಸರಿ. 2025ರ ಜುಲೈಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನ ತೆಗೀತೀವಿ ಅಂತ ಹೇಳಿದಾಗ ಬೆಂಗ್ಳೂರಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಹತ್ತಿಲ್ಲ. ಕಂಪನಿಯವ್ರು ಇದು ಎಐ ಇಂದ ಅಲ್ಲ, ಬೇಕಾದ ಸ್ಕಿಲ್ ಹೊಂದ್ತಿಲ್ಲ ಅಂದ್ರು. ಏನೇ ಇರ್ಲಿ. ಫ್ರೆಶರ್ಸ್‌ಗೆ ಕೊಡೋ ಮೂರು ಮೂರೂವರೆ ಲಕ್ಷದ ಸಂಬಳ ನನ್ನ ಹಳೇ ಸ್ಟೂಡೆಂಟ್‌ಗಳು ಸೇರ್ಕೊಂಡಾಗ್ಲೂ ಅಷ್ಟೇ ಇತ್ತು, ಅವ್ರ ತಮ್ಮಂದ್ರು ಸೇರ್ಕೊಂಡಾಗ್ಲೂ ಅಷ್ಟೇ, ಹಾಲಿನ ರೇಟು ಮಾತ್ರ ಎಲ್ಲಿಗೋ ಹೋಯ್ತು. ಹೇಳಿದ್ದನ್ನ ಹೇಳಿದ ಹಾಗೆ ಟೈಪ್ ಮಾಡೋ ಕೋಡಿಂಗ್ ಇದ್ಯಲ್ಲ, ಅದನ್ನ ಯಂತ್ರ ಈಗ್ಲೇ ಮಾಡ್ತಿದೆ. ಆದ್ರೆ ಬ್ಯಾಂಕ್ ಲೆಕ್ಕ ಹೆಂಗ್ ನಡಿಯುತ್ತೆ, ಆಸ್ಪತ್ರೆ ಬಿಲ್ಲಿಂಗಲ್ಲಿ ಎಲ್ಲಿ ಎಡವಟ್ಟಾಗುತ್ತೆ ಅಂತ ಗೊತ್ತಿದ್ದು ಕೋಡ್ ಬರೆಯೋರನ್ನ ಯಾರೂ ಮನೆಗೆ ಕಳಿಸಿದ್ದು ನಾನಂತೂ ಕಂಡಿಲ್ಲ.

ಒಂದು ಘಟನೆ ಹೇಳ್ತೀನಿ, ನಾನು ಹೇಳ್ಬೇಕಾಗಿರೋದು ಅದ್ರಲ್ಲೇ ಇದೆ. ಹೋದ್ ವರ್ಷ ನಮ್ಮನೆಯವ್ರ ಊರಲ್ಲಿ ಪಾಲು ಆಯ್ತು. ಪಹಣಿಲಿ 2-18 ಅಂತಿತ್ತು, ಎರಡು ಎಕರೆ ಹದಿನೆಂಟು ಗುಂಟೆ, ಮೂರು ಜನ ಅಣ್ಣತಮ್ಮಂದ್ರು. ಜಗಲಿ ಮೇಲೆ ಎಲ್ರೂ ಕೂತಿದ್ರು, ಬಿಇ ಮುಗ್ಸಿದ ನಮ್ ನೆಂಟ್ರ ಹುಡುಗ ಫೋನ್ ತೆಗ್ದ, "2.18 ಎಕರೆ, ಮೂರು ಸಮಭಾಗ, ಗುಂಟೆಲಿ ಹೇಳು" ಅಂತ ಎಐ ಕೇಳ್ದ. ಎರಡು ಸೆಕೆಂಡ್ ಆಗಿಲ್ಲ, ನೀಟಾಗಿ ಸ್ಟೆಪ್ಪು ಬಿಡಿಸಿ, ಒಬ್ಬೊಬ್ರಿಗೆ 29 ಗುಂಟೆ ಚಿಲ್ಲರೆ ಅಂತ ಉತ್ರ ಬಂತು. ಹುಡುಗ ಜೋರಾಗಿ ಓದ್ದ, ಎಲ್ರೂ ತಲೆ ಅಲ್ಲಾಡಿಸಿದ್ರು, ನಾನೂ ಅಲ್ಲಾಡಿಸಿದೆ, ಗಣಿತದ ಮೇಡಂ! ಮೂಲೇಲಿ ಒಬ್ಬ ಅಜ್ಜ ಎಲೆಗೆ ಸುಣ್ಣ ಹಚ್ತಾ ಕೂತಿದ್ದ, ವಯಸ್ಸಲ್ಲಿ ಸರ್ವೆಯವ್ರ ಜೊತೆ ಚೈನ್ ಹಿಡಿದವ್ನು, ಓದಿರೋದು ನಾಲ್ಕನೇ ಕ್ಲಾಸು. ಅವ್ನು ತಲೆ ಎತ್ತದೇ ಹೇಳ್ದ, "ಇಪ್ಪತ್ತೊಂಬತ್ ಮೂರ್ಲ ಎಂಬತ್ತೇಳು. ಭೂಮಿ ಇರೋದು ತೊಂಬತ್ತೆಂಟು ಗುಂಟೆ. ಮಿಕ್ಕ ಹನ್ನೊಂದು ಗುಂಟೆ ಯಾರ್ ತಿಂದ್ರಪ್ಪಾ?" ಹುಡುಗ ಫೋನು ತೋರಿಸ್ದ. ಅಜ್ಜ ನೋಡಿ, "ಅದು ಪಾಯಿಂಟ್ ಅಲ್ಲ ಮಗಾ, ಗುಂಟೆ" ಅಂದ.

ಎಕರೆಗೆ ನಲವತ್ತು ಗುಂಟೆ ಅಲ್ವಾ. 2-18 ಅಂದ್ರೆ 98 ಗುಂಟೆ, ಮೂರು ಭಾಗ ಮಾಡಿದ್ರೆ ಒಬ್ಬೊಬ್ರಿಗೆ 32 ಗುಂಟೆ ಹತ್ತಾಣೆ ಮೇಲೆ. 2.18 ಅಂತ ದಶಾಂಶ ಹಾಕಿದ್ರೆ ಎಲ್ಲ ಸೇರಿ ಹತ್ರತ್ರ 11 ಗುಂಟೆ ಮಾಯ, ಗುಂಟೆಗೆ 1089 ಚದರಡಿ ಲೆಕ್ಕದಲ್ಲಿ ಥರ್ಟಿ ಫಾರ್ಟಿ ಸೈಟು ಹತ್ತು ಆಗುತ್ತೆ! ಯಂತ್ರ ಮಾಡಿದ ಭಾಗಾಕಾರದಲ್ಲಿ ತಪ್ಪಿರ್ಲಿಲ್ಲ ನೋಡಿ, ನಾವು ಕೇಳಿದ್ದೇ ತಪ್ಪು. ಆಮೇಲೆ ಹುಡುಗ "ಎಕರೆ, ಗುಂಟೆ" ಅಂತ ಬಿಡಿಸಿ ಕೇಳ್ದಾಗ ಸರಿಯಾಗೇ ಹೇಳ್ತು. ಅಂದ್ರೆ ಯಂತ್ರ ನಡೆಸೋದು ಹುಡುಗನಿಗೆ ಬರ್ತಿತ್ತು, ಭೂಮಿ ಗೊತ್ತಿರ್ಲಿಲ್ಲ. ಅಜ್ಜನಿಗೆ ಭೂಮಿ ಗೊತ್ತಿತ್ತು. ನಿಮ್ಮ ಮಗನಿಗೆ ಎರಡೂ ಬರ್ಬೇಕು, ಅದ್ರಲ್ಲಿ ಮೊದ್ಲು ಬರ್ಬೇಕಾದ್ದು ಅಜ್ಜನದ್ದು. ಯಾವ್ದೋ ಒಂದು ವಿಷಯದಲ್ಲಿ, ಅದು ಮೋಟ್ರು ಆಗ್ಲಿ, ಲೆಕ್ಕಪತ್ರ ಆಗ್ಲಿ, ಮನುಷ್ಯನ ದೇಹ ಆಗ್ಲಿ, "ಇದೇನೋ ಹೊಂದ್ತಿಲ್ವಲ್ಲ" ಅಂತ ಅನ್ನಿಸೋಷ್ಟು ಅವ್ನು ಇಳೀಬೇಕು. ಫೋನಲ್ಲಿ ಕೇಳೋದನ್ನ ಒಂದು ವಾರದಲ್ಲಿ ಕಲೀಬಹುದು, ಆ ಅನ್ನಿಸೋದು ಬರೋಕೆ ವರ್ಷಗಳು ಬೇಕು.

ಅದಕ್ಕೇ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಭಯ ಆಗಿದ್ದು ಹೋಮ್‌ವರ್ಕ್ ವಿಷಯ. ಫೋನ್ ಕಿತ್ಕೊಳ್ಬೇಡಿ, ಉಪಯೋಗ ಇಲ್ಲ, ಸ್ನೇಹಿತನ ಮನೇಲಿ ಮಾಡ್ತಾನೆ. ಒಂದು ನಿಯಮ ಹಾಕಿ, ಮೊದ್ಲು ಪೆನ್ನಲ್ಲಿ ತನಗೆ ಬಂದಷ್ಟು ಬರೀಲಿ, ತಪ್ಪೇ ಇರ್ಲಿ, ಆಮೇಲೆ ಎಐ ಕೇಳ್ಲಿ, ಎರಡೂ ಪಕ್ಕ ಪಕ್ಕ ಇಟ್ಟು ಎಲ್ಲಿ ಎಡವಿದೆ ಅಂತ ನಿಮ್ಗೆ ಅಡುಗೆಮನೇಲಿ ನಿಂತು ಹೇಳ್ಲಿ. ನಿಮಗೆ ಅರ್ಥ ಆಗ್ಬೇಕು ಅಂತೇನಿಲ್ಲ ಕಣಮ್ಮ, ನೀವು ಚಪಾತಿ ಲಟ್ಟಿಸ್ತಾ "ಹೂಂ, ಯಾಕೆ?" ಅಂತ ಕೇಳ್ತಾ ಹೋದ್ರೆ ಸಾಕು, ಮೂರನೇ "ಯಾಕೆ"ಗೆ ಅವನಿಗೇ ಗೊತ್ತಾಗುತ್ತೆ ತನಗೆ ಎಷ್ಟು ಬರುತ್ತೆ ಅಂತ.

ಇನ್ನು ಎರಡೂವರೆ ಲಕ್ಷ. ಹುಡುಗ ತಾನಾಗೇ ಡಾಕ್ಟ್ರು ಆಗ್ಬೇಕು ಅಂದಿದ್ರೆ ಬೇರೆ ಮಾತು. 2024ರಲ್ಲಿ ನೀಟ್ ಬರೆದವ್ರು 23 ಲಕ್ಷದ ಮೇಲೆ, ಇಡೀ ದೇಶದ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಅಪ್ಪನ ಆಸೆಗೆ ಆ ಗುಂಪಲ್ಲಿ ನಿಲ್ಲಿಸೋಕೆ ಎರಡು ವರ್ಷಕ್ಕೆ ಐದು ಲಕ್ಷ ನಾನಾಗಿದ್ರೆ ಕೊಡ್ತಿರ್ಲಿಲ್ಲ. ಮಿಕ್ಸಿ ಬಿಚ್ಚೋ ಹುಡುಗ ಅಂತೀರ. ಬರೀ ಬಿಚ್ತಾನಾ, ಇಲ್ಲ ವಾಪಸ್ ಜೋಡಿಸ್ತಾನಾ? ಜೋಡಿಸಿದ್ಮೇಲೆ ಓಡದಿದ್ರೆ ಬಿಸಾಕ್ತಾನಾ, ಇಲ್ಲ ಮತ್ತೆ ಬಿಚ್ತಾನಾ? ಇದನ್ನ ಹತ್ತು ದಿನ ಸುಮ್ನೆ ನೋಡಿ, ಅವನಿಗೆ ಗೊತ್ತಾಗದ ಹಂಗೆ. ಕೆಟ್ಟಿದ್ದನ್ನ ಯಾರೂ ಹೇಳದೇ ಮತ್ತೆ ಕೂತು ಮಾಡೋ ವಿಷಯ ಒಂದು ಇದ್ರೆ ಅವನ ದಾರಿ ಅದ್ರ ಆಸುಪಾಸಲ್ಲೇ ಇದೆ. "ನಿಂಗೇನಿಷ್ಟ" ಅಂತ ಹದಿನೈದು ವರ್ಷದ ಹುಡುಗನ್ನ ನೇರ ಕೇಳಿದ್ರೆ ಗೊತ್ತಿಲ್ಲ ಅಂತಾನೇ ಹೇಳೋದು, ನಿಜಕ್ಕೂ ಗೊತ್ತಿರಲ್ಲ ಪಾಪ.

ಮತ್ತೆ ಮತ್ತೆ ಬಿಚ್ಚಿ ಜೋಡ್ಸೋನೇ ಆಗಿದ್ರೆ ಊರ ಹತ್ರದ ಒಳ್ಳೇ ಕಾಲೇಜಲ್ಲೇ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್) ಅಥ್ವಾ ಕಂಪ್ಯೂಟರ್ ಬದಲು ಎಲೆಕ್ಟ್ರಾನಿಕ್ಸ್ ಇರೋ ಪಿಸಿಎಂಇ ಕೊಡ್ಸಿ. ಪಿಯುಲಿ ಗಣಿತ ಬಿಡಿಸ್ಬೇಡಿ, ಬಿಟ್ರೆ ಮುಂದೆ ಇಂಜಿನಿಯರಿಂಗೂ ಹೋಯ್ತು, ಸ್ಟಾಟಿಸ್ಟಿಕ್ಸೂ ಹೋಯ್ತು. (ನನ್ನ ಸಬ್ಜೆಕ್ಟು ಅಂತ ಹೇಳ್ತಿಲ್ಲ, ಸ್ವಲ್ಪ ಅದೂ ಇದೆ.) ಎರಡು ವರ್ಷ ಆದ್ಮೇಲೆ ಸಿಇಟಿ ಆಪ್ಷನ್ ಎಂಟ್ರಿಲಿ ಎಐ ಅಂಡ್ ಎಂಎಲ್, ಡೇಟಾ ಸೈನ್ಸ್ ಅಂತ ಹೊಳೆಯೋ ಹೆಸ್ರುಗಳು ಸಾಲಾಗಿ ಕಾಣ್ತವೆ, ಅದಕ್ಕೆ ಮರುಳಾಗಿ ಯಾವ್ದೋ ಲ್ಯಾಬಿಲ್ಲದ ಕಾಲೇಜಿಗೆ ಸೇರಿಸೋದಕ್ಕಿಂತ ಒಳ್ಳೇ ಕಾಲೇಜಲ್ಲಿ ಎಲೆಕ್ಟ್ರಿಕಲ್ಲು, ಮೆಕ್ಯಾನಿಕಲ್ಲು ಸಿಕ್ಕಿದ್ರೆ ಅದೇ ತಗೊಳ್ಳಿ. ಎಐ ಬೇಕು ಅಂದ್ರೆ ಪಕ್ಕದಲ್ಲಿ ಕಲಿಯೋಕೆ ದಾರಿ ಇದೆ, ಐಐಟಿ ಮದ್ರಾಸ್‌ನವ್ರು 2020ರಿಂದ ಡೇಟಾ ಸೈನ್ಸ್ ಡಿಗ್ರಿನ ಆನ್‌ಲೈನಲ್ಲೇ ನಡೆಸ್ತಾರೆ, ಜೆಇಇ ಬೇಡ, ಅವ್ರದ್ದೇ ಕ್ವಾಲಿಫೈಯರ್ ಪರೀಕ್ಷೆ ಪಾಸಾದ್ರೆ ಸಾಕು, ಬೇರೆ ಡಿಗ್ರಿ ಓದ್ತಾ ಇದನ್ನೂ ಮಾಡೋ ಮಕ್ಳು ಇದಾರೆ. ಸುಲಭ ಅಲ್ಲ, ಗಣಿತ ಬಿಡಲ್ಲ ಅಲ್ಲೂ.

ಈ ರಜಾ ಮುಗಿಯೋವರೆಗೆ ದಿನಕ್ಕೆ ಎರಡು ಗಂಟೆ ಅಂಗಡಿಲಿ ನಿಲ್ಸಿ. ಗಿರಾಕಿ ಬಂದು "ಮುಕ್ಕಾಲಿಂಚು ಎಲ್ಬೋ ಕೊಡಪ್ಪ, ನೀರು ಸೋರ್ತಿದೆ" ಅಂದಾಗ ನಿಮ್ಮನೆಯವ್ರು ಎಲ್ಲಿ ಸೋರ್ತಿದೆ, ಹಳೇ ಪೈಪ್ ಯಾವ್ದು ಅಂತ ಕೇಳಿ ಬೇರೇನೇ ಕೊಟ್ಟು ಕಳಿಸ್ತಾರಲ್ಲ, ಅದನ್ನ ಹುಡುಗ ನೋಡ್ಲಿ.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾ ಸೆಕೆಂಡ್ ಪಿಯುಸಿ ಆರ್ಟ್ಸ್ ಓದಾಕತ್ತೇನಿ. ಕನ್ನಡ, ಇಂಗ್ಲಿಷ್ ಎರಡೂ ಚೊಲೋ ಬರ್ತಾವು, ಅನುವಾದ ಮಾಡೂದಂದ್ರ ಭಾಳ ಇಷ್ಟ. ನಮ್ಮಣ್ಣ "ಅದನ್ನೆಲ್ಲಾ ಈಗ ಫೋನೇ ಮಾಡ್ತೈತಿ, ನೀ ಬಿ.ಎಡ್ ಮಾಡಿ ಟೀಚರ್ ಆಗು" ಅಂತಾನ. ನಾ ಆಸೆ ಬಿಟ್ಟಬಿಡ್ಲೇನ್ರಿ?
– ರಾಣೆಬೆನ್ನೂರಿನ ಹುಡುಗಿ

ಉತ್ರ: ಬಿಡ್ಬೇಡ ಮರಿ. ನಿಮ್ಮಣ್ಣನಿಗೆ ಈ ಸುದ್ದಿ ಹೇಳು. 2025ರ ಜುಲೈಲಿ ನಟಿ ಬಿ. ಸರೋಜಾದೇವಿ ತೀರ್ಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರು ಅಂತಿಮ ದರ್ಶನ ಪಡೆದ್ರು ಅಂತ ಕನ್ನಡದಲ್ಲಿ ಪೋಸ್ಟ್ ಹಾಕಿದ್ರು. ಫೇಸ್‌ಬುಕ್‌ನ ಯಂತ್ರ ಅದನ್ನ ಇಂಗ್ಲಿಷಿಗೆ ತಿರುಗಿಸಿ ಮುಖ್ಯಮಂತ್ರಿಗಳೇ ತೀರ್ಕೊಂಡ್ರು ಅನ್ನೋ ಹಂಗೆ ಬರೀತು! ಅವ್ರು ಗರಂ ಆಗಿ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿಗೆ ಪತ್ರ ಹೋಯ್ತು, ಕಂಪನಿ ಕ್ಷಮೆ ಕೇಳ್ತು. ಕನ್ನಡ ಬರೋ ಒಬ್ಬ ಮನುಷ್ಯ ಒಂದು ಸಲ ಕಣ್ಣಾಡಿಸಿದ್ರೆ ಮುಗೀತಿತ್ತು.

ಆದ್ರೆ ನಿಮ್ಮಣ್ಣ ಪೂರ್ತಿ ತಪ್ಪಲ್ಲ. ಪುಟಕ್ಕಿಷ್ಟು ಅಂತ ಕಾಸಿಗೆ ಕರಪತ್ರ, ಜಾಹೀರಾತು ಅನುವಾದ ಮಾಡ್ಕೊಂಡು ಜೀವನ ಮಾಡೋದು ಕಷ್ಟ ಆಗ್ತಿದೆ, ಮುಂದೆ ಇನ್ನೂ ಕಷ್ಟ. ಉಳಿಯೋದು ತಪ್ಪಾದ್ರೆ ಯಾರಿಗೋ ನಷ್ಟ ಆಗೋ ಜಾಗದಲ್ಲಿ, ಕೋರ್ಟು, ಆಸ್ಪತ್ರೆ, ಔಷಧಿ ಚೀಟಿ, ಪರೀಕ್ಷೆ ಪ್ರಶ್ನೆಪತ್ರಿಕೆ. ಸುಪ್ರೀಂ ಕೋರ್ಟಲ್ಲಿ 2019ರಿಂದ ಸುವಾಸ್ ಅಂತ ಎಐ ಅನುವಾದದ ಸಾಫ್ಟ್‌ವೇರ್ ಇದೆ, ತೀರ್ಪುಗಳನ್ನ ಕನ್ನಡವೂ ಸೇರಿ ನಮ್ಮ ಭಾಷೆಗಳಿಗೆ ತರೋಕೆ, ಆದ್ರೆ ಯಂತ್ರ ಬರೆದದ್ದನ್ನ ಅನುವಾದಕರು ಕೂತು ತಿದ್ದಿದ್ಮೇಲೇ ಹೊರಗೆ ಬಿಡೋದು. ಹಂಗಾಗಿ ಬರೀ ಭಾಷೆ ಸಾಲ್ದು, ಭಾಷೆ ಜೊತೆ ಇನ್ನೊಂದನ್ನ ಕಟ್ಕೋ. ಕಾನೂನು ಓದೋ ಮನಸ್ಸಿದ್ರೆ ಪಿಯುಸಿ ಆದ್ಮೇಲೆ ಐದು ವರ್ಷದ ಎಲ್‌ಎಲ್‌ಬಿ ಇದೆ, ಇಲ್ಲ ಡಿಗ್ರಿಲಿ ಇಕನಾಮಿಕ್ಸೋ ಜರ್ನಲಿಸಮ್ಮೋ ತಗೋ. ಮೈಸೂರಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, ಸಿಐಐಎಲ್ ಅಂತಾರೆ, ರಾಷ್ಟ್ರೀಯ ಅನುವಾದ ಮಿಷನ್ ಇರೋದೂ ಅಲ್ಲೇ, ಅವ್ರು ಅನುವಾದಕರಿಗೆ ತರಬೇತಿನೂ ಮಾಡ್ತಾರೆ, ಕಣ್ಣಿಟ್ಟಿರು. ಬಿ.ಎಡ್ ಬಗ್ಗೆ ಮೂಗು ಮುರೀಬೇಡ, ಅದು ಡಿಗ್ರಿ ಆದ್ಮೇಲಿನ ಮಾತು, ಈಗ್ಲೇ ಜಗಳ ಯಾಕೆ.

ಅಲ್ಲಿವರೆಗೆ ಒಂದು ಕೆಲ್ಸ. ನಿಮ್ಮ ಪಕ್ಕದಲ್ಲೇ ಬ್ಯಾಡಗಿ ಮಾರ್ಕೆಟ್ ಇದೆ, ಪೇಪರಲ್ಲಿ ಮೆಣಸಿನಕಾಯಿ ರೇಟಿನ ಸುದ್ದಿ ಬರ್ತಿರುತ್ತೆ, ಅದನ್ನ ಎಐ ಹತ್ರ ಇಂಗ್ಲಿಷ್ ಮಾಡ್ಸು. ಡಬ್ಬಿ, ಕಡ್ಡಿ ಅಂದ್ರೆ ಮೆಣಸಿನಕಾಯಿ ಜಾತಿ ಅಂತ ಹಿಡಿಯುತ್ತೋ, ಇಲ್ಲ ಡಬ್ಬಿನ ಸ್ಟೀಲ್ ಡಬ್ಬಿ, ಕಡ್ಡಿನ ಬೆಂಕಿಕಡ್ಡಿ ಮಾಡುತ್ತೋ ನೋಡು. ದಿನಾ ಒಂದು ಸುದ್ದಿ, ಕೆಂಪು ಪೆನ್ನಲ್ಲಿ ತಿದ್ದಿ ಡೇಟ್ ಹಾಕಿ ನೋಟ್‌ಬುಕ್ಕಲ್ಲಿಡು. ಎರಡು ವರ್ಷ ಆದ್ಮೇಲೆ ಕೆಲ್ಸ ಕೇಳೋಕೆ ಹೋದಾಗ ಸರ್ಟಿಫಿಕೇಟ್‌ಗಿಂತ ಮೊದ್ಲು ಆ ನೋಟ್‌ಬುಕ್ ತೋರಿಸು.

ಪ್ರಶ್ನೆ: ಮಗಳಿಗೆ 13 ವರ್ಷ, ಎಂಟನೇ ಕ್ಲಾಸ್. ನಾನೂ ಐಟಿಲೇ ಇರೋದು. ಮಕ್ಕಳಿಗೆ ಎಐ ಕಲಿಸ್ತೀವಿ ಅಂತ ಒಂದು ಆನ್‌ಲೈನ್ ಕೋರ್ಸ್‌ನವ್ರು ದಿನಾ ಫೋನ್ ಮಾಡ್ತಿದಾರೆ, 40 ಸಾವಿರ, ಇಎಂಐ ಕೂಡ ಇದೆಯಂತೆ. ಈಗ್ಲೇ ಸೇರಿಸದಿದ್ರೆ ಹಿಂದೆ ಬೀಳ್ತಾಳೆ ಅಂತಾರೆ. ಸೇರಿಸ್ಲಾ?
– ಒಬ್ಬ ತಂದೆ, ಬೆಂಗಳೂರು

ಉತ್ರ: ಬೇಡ ಸಾರ್. ಈಗ ಹದಿಮೂರು ಅಂದ್ರೆ ಅವಳು ಕೆಲ್ಸಕ್ಕೆ ಸೇರೋಕೆ ಇನ್ನು ಎಂಟೊಂಬತ್ತು ವರ್ಷ. ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದೇ 2022ರ ನವೆಂಬರ್ ಕೊನೇಲಿ, ಅಷ್ಟರಲ್ಲೇ ಎಷ್ಟು ಸಲ ರೂಪ ಬದಲಾಯಿಸ್ತು ಅಂತ ಐಟಿಲಿರೋ ನಿಮಗೆ ನಾನು ಹೇಳ್ಬೇಕಾ. ಇವತ್ತಿನ ಬಟನ್ ಒತ್ತೋದು ಕಲಿಸೋಕೆ 40 ಸಾವಿರ ಯಾಕೆ? ಸಿಬಿಎಸ್‌ಇ ಸ್ಕೂಲಾದ್ರೆ ಒಂಬತ್ತನೇ ಕ್ಲಾಸಿಂದ ಎಐ ಒಂದು ಸ್ಕಿಲ್ ಸಬ್ಜೆಕ್ಟಾಗಿ ಬಹಳ ಕಡೆ ಇದೆ, ವಿಚಾರಿಸಿ. ಭಾನುವಾರ ಒಂದ್ ಗಂಟೆ ನೀವೇ ಪಕ್ಕ ಕೂತು, ಅವಳಿಗೆ ಚೆನ್ನಾಗಿ ಗೊತ್ತಿರೋ ವಿಷಯ, ಅಜ್ಜಿ ಊರಿನ ಜಾತ್ರೆ, ಅವಳ ಸ್ಕೂಲು, ಇಂಥದ್ರ ಬಗ್ಗೆ ಎಐ ಕೇಳಿ, ಅದು ಧೈರ್ಯವಾಗಿ ಸುಳ್ಳು ಹೇಳೋದನ್ನ ಒಂದ್ಸಲ ಅವಳು ಕಣ್ಣಾರೆ ನೋಡ್ಲಿ. ಫೋನ್ ಮಾಡೋರ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಪಾಸು, 61 ಪರ್ಸೆಂಟು. ಅಪ್ಪ ಆಟೋ ಓಡಿಸ್ತಾರೆ. ನಂಗೆ ಮಿಷನ್ ಕೆಲ್ಸ ಇಷ್ಟ, ಐಟಿಐ ಇಲ್ಲ ಡಿಪ್ಲೊಮಾ ಮಾಡೋಣ ಅಂತ. ಫ್ರೆಂಡ್ಸೆಲ್ಲ ನಗ್ತಾರೆ, ಎಐ ಕಾಲದಲ್ಲಿ ಸ್ಪ್ಯಾನರ್ ಹಿಡೀತೀಯಾ ಅಂತ.
– ಅರಸೀಕೆರೆ ಹುಡುಗ

ಉತ್ರ: ನಗ್ಲಿ ಬಿಡೋ. ನಿನಗೆ ಏನು ಬೇಕು ಅಂತ ಗೊತ್ತಿದೆ, ಈ ತಿಂಗಳು ಬಂದ ಅಷ್ಟೂ ಪತ್ರದಲ್ಲಿ ಅದು ಗೊತ್ತಿರೋನು ನೀನೊಬ್ನೇ. ಜಿಟಿಟಿಸಿ ಅಂತ ಕೇಳಿದೀಯಾ? ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸರ್ಕಾರದ ಸಹಾಯದಿಂದ 1972ರಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾಗಿದ್ದು, ಈಗ ಜಿಲ್ಲೆ ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಂದ್ರೆ ಮೂರು ವರ್ಷ ಕಲಿಕೆ, ಮೇಲೆ ಒಂದು ವರ್ಷ ಕಾರ್ಖಾನೇಲಿ ಟ್ರೈನಿಂಗು. ನೀನು ಕುಡಿಯೋ ನೀರಿನ ಬಾಟ್ಲಿ ಮುಚ್ಚಳ, ಆಟೋ ಇಂಡಿಕೇಟರ್ ಗಾಜು, ಎಲ್ಲಕ್ಕೂ ಮೊದ್ಲು ಒಂದು ಅಚ್ಚು ಬೇಕಲ್ಲ, ಆ ಅಚ್ಚು ಮಾಡೋ ಕೆಲ್ಸ ಅದು. ಡಿಸೈನ್ ಕಂಪ್ಯೂಟರಲ್ಲಿ, ಕಡಿಯೋದು ಕಂಪ್ಯೂಟರ್ ಹೇಳಿದ ಹಾಗೆ ಓಡೋ ಸಿಎನ್‌ಸಿ ಮಿಷನ್ನು, ಎಐ ಕೂಡ ಅದ್ರೊಳಗೆ ಬರುತ್ತೆ, ಬರ್ಲಿ, ಆದ್ರೆ ಕೊನೆಗೆ ಮೈಕ್ರೋಮೀಟರ್ ಇಟ್ಟು ಅಳ್ದು ಇದು ಕೂರಲ್ಲ ಅನ್ನೋನು ಬೇಕೇ ಬೇಕು.

ಸೀಟು ಸಿಗದಿದ್ರೆ ಸರ್ಕಾರಿ ಪಾಲಿಟೆಕ್ನಿಕ್ ನೋಡು, ಅದು ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದ್ರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರ್ಬಹುದು. ಐಟಿಐ ಆದ್ರೂ ಸರಿ, ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಮಿಷನ್ ಹಾಕಿ ಮೇಲ್ದರ್ಜೆಗೆ ಏರಿಸಿದಾರೆ, ನಿನಗೆ ಹತ್ರ ಆಗೋದು ಆ ಪಟ್ಟಿಲಿ ಇದ್ಯಾ ಕೇಳು. ಯಾವ್ದಕ್ಕೇ ಹೋದ್ರೂ ಆಫೀಸಲ್ಲಿ ಫಾರಂ ಈಸ್ಕೊಂಡು ವಾಪಸ್ ಬರ್ಬೇಡ, "ಸಾರ್ ಒಂದ್ಸಲ ವರ್ಕ್‌ಶಾಪ್ ನೋಡ್ಬಹುದಾ" ಅಂತ ಕೇಳು, ಮಿಷನ್‌ಗಳು ಓಡ್ತಿವೆಯಾ ಇಲ್ಲ ಕವರ್ ಹೊದ್ಸಿ ಇಟ್ಟಿದಾರಾ ನೋಡು, ಸೀನಿಯರ್ ಹುಡುಗ್ರ ಕೈ ನೋಡು, ಆಯಿಲ್ ಆಗಿದೆಯಾ ಅಂತ. ಅಪ್ಪನ್ನೂ ಕರ್ಕೊಂಡು ಹೋಗು. ಚಪ್ಪಲಿ ಹಾಕ್ಕೊಂಡು ಹೋದ್ರೆ ಒಳಗೆ ಬಿಡಲ್ಲ ಅಂತಾರೆ, ಶೂ ಹಾಕ್ಕೊಂಡು ಹೋಗು.